ಖಿದ್ಮತ್ ಎನ್ನುವ ಮೊದಲು ಆಕೆಯ ಬೆರಳು ನೋಡಿ

ನಮ್ಮ ಊರಿನ ಮೊಹಲ್ಲಾವೊಂದರಲ್ಲಿ ಟ್ರಸ್ಟಿನವರು ನಡೆಸುವ ಧರ್ಮಾರ್ಥ ಕ್ಲಿನಿಕ್ ಇದೆ. ಅದರ ವಾರ್ಷಿಕ ಜಲ್ಸಾಕ್ಕೆ ನನ್ನನ್ನೂ ಕರೆದಿದ್ದರು. ಕತೆ ಬರೆಯುವವರನ್ನು ಇಂಥ ಸಭೆಗಳಿಗೆ ಕರೆಯುವುದು ವೇದಿಕೆಯ ಮೇಲಿನ ಕುರ್ಚಿಯೊಂದು ಖಾಲಿ ಉಳಿಯದಿರಲಿ ಎಂದು. ಡಾಕ್ಟರಿಗೆ ಶಾಲು ಹೊದಿಸಿದರು. ಜಾಗ ಕೊಟ್ಟವರಿಗೆ ಹಾರ ಹಾಕಿದರು. ಎಕ್ಸ್‌ರೇ ಯಂತ್ರ ಕೊಡಿಸಿದ ಗಲ್ಫಿನ ದಾನಿಯ ಹೆಸರನ್ನು ಮೂರು ಸಲ ಓದಿದರು. ಕೊನೆಗೆ ಕಾರ್ಯದರ್ಶಿಗಳು ಎದ್ದು ನಿಂತು, ಅರ್ಧ ಉರ್ದು ಅರ್ಧ ಕನ್ನಡದಲ್ಲಿ, "ನಮ್ಮಲ್ಲಿ ನೌಕರರು ಅಂತ ಯಾರೂ ಇಲ್ಲ. ಎಲ್ಲರೂ ಖಾದಿಮರು. ಇಲ್ಲಿ ನಡೆಯುತ್ತಿರುವುದು ಖಿದ್ಮತ್. ಇದರ ಅಜ್ರ್, ಅಂದರೆ ಪ್ರತಿಫಲ, ಅಲ್ಲಾಹನ ಹತ್ತಿರ ಇದೆ" ಎಂದರು. ಸಭೆ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ.

ಆ ಹೊತ್ತಿಗೆ ಹಿಂದಿನ ಗೋಡೆಯ ಬಳಿ ಚಹಾದ ಖಾಲಿ ಲೋಟಗಳನ್ನು ಬಕೆಟ್ಟಿಗೆ ತುಂಬುತ್ತಿದ್ದ ಹೆಂಗಸು ನನಗೆ ಪರಿಚಿತರು. ನಮ್ಮ ಓಣಿಯವರೇ. ಓಣಿಯ ಮಕ್ಕಳೆಲ್ಲ ಖಾಲಾ ಎಂದೇ ಕರೆಯುವುದು. ಆ ಕ್ಲಿನಿಕ್ಕಿನ ಆಯಾ ಅವರೇ, ಕಸ ಗುಡಿಸುವವರೂ ಅವರೇ, ಡಾಕ್ಟರ್ ಬರುವುದು ತಡವಾದರೆ ಅಳುವ ಮಕ್ಕಳನ್ನು ಸಮಾಧಾನ ಮಾಡುವವರೂ ಅವರೇ. ವೇದಿಕೆಯಿಂದ ಹೆಸರು ಕರೆದದ್ದು ಮಾತ್ರ ಅವರದ್ದಲ್ಲ.

ಜಲ್ಸಾ ಮುಗಿದು ಮನೆಗೆ ಹೋಗುವ ದಾರಿಯಲ್ಲಿ ಜೊತೆಯಾದರು. "ಭಾಷಣ ಚೆನ್ನಾಗಿತ್ತಲ್ಲ ಖಾಲಾ" ಎಂದೆ, ಮಾತಿಗೆ.

ಖಾಲಾ ನಕ್ಕರು. "ಅಜ್ರ್ ಅಲ್ಲಾಹನ ಹತ್ತಿರ ಇದೆ ಅಂತ ನನಗೂ ಗೊತ್ತು ಬೇಟಾ. ಗ್ಲೌಸ್ ಯಾರ ಹತ್ತಿರ ಇದೆ ಅಂತ ಸ್ವಲ್ಪ ಕೇಳಿ ಹೇಳು."

ಈ ಲೇಖನ ಆ ಒಂದು ಪ್ರಶ್ನೆಯ ಬೆನ್ನು ಹತ್ತಿ ಬರೆದದ್ದು.

*

ಖಾಲಾ ಇದಕ್ಕೆ ಮೊದಲು ಬೇರೊಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ ಹನ್ನೊಂದು ವರ್ಷ ದುಡಿದವರು. ಒಂದು ಸಂಜೆ ಕಸದ ಡಬ್ಬಿ ಖಾಲಿ ಮಾಡುವಾಗ ಹತ್ತಿಯ ಉಂಡೆಯೊಳಗಿದ್ದ ಸೂಜಿ ಹೆಬ್ಬೆರಳಿಗೆ ನೆಟ್ಟಿತು. ರಕ್ತ ಬಂತು. ಎಲ್ಲರೂ ಮಾಡುವಂತೆ ಬೆರಳನ್ನು ಬಾಯಲ್ಲಿಟ್ಟು ಚೀಪಿದರು. ಕಂಪೌಂಡರಿಗೆ ಹೇಳಿದಾಗ ಆತ ಸ್ಪಿರಿಟ್ ಸುರಿದು, "ಏನೂ ಆಗಲ್ಲ, ಹೋಗಿ ಕೆಲಸ ನೋಡಿ" ಎಂದ. ಆ ಸೂಜಿ ಯಾವ ರೋಗಿಯದು ಎಂದು ಯಾರೂ ಕೇಳಲಿಲ್ಲ. ಯಾವ ಪುಸ್ತಕದಲ್ಲೂ ಯಾರೂ ಬರೆದುಕೊಳ್ಳಲಿಲ್ಲ. ಅದು ಮೊದಲ ಸಲವೂ ಆಗಿರಲಿಲ್ಲ, ಕೊನೆಯ ಸಲವೂ ಆಗಲಿಲ್ಲ.

ಕೆಲವು ವರ್ಷಗಳ ಮೇಲೆ ಗರ್ಭಕೋಶದ ಆಪರೇಷನ್ನಿಗೆಂದು ರಕ್ತ ಪರೀಕ್ಷೆ ಮಾಡಿಸಿದಾಗ ಹೆಪಟೈಟಿಸ್ ಬಿ ಇದೆ ಎಂದು ಚೀಟಿ ಬಂತು. ತಾನು ನೆಲ ಒರೆಸುತ್ತಿದ್ದ ಆ ಆಸ್ಪತ್ರೆಯಲ್ಲೇ ಖಾಲಾಗೆ ಆಪರೇಷನ್ ಆಗಲಿಲ್ಲ. ತಿಂಗಳು ಕಳೆಯುವುದರೊಳಗೆ ಕೆಲಸವೂ ಹೋಯಿತು. "ಪೇಷೆಂಟುಗಳು ಹೆದರುತ್ತಾರೆ" ಎಂದರಂತೆ. ರೋಗಿಯಿಂದ ಆಯಾಗೆ ರೋಗ ಬಂದಿರಬಹುದೆಂಬ ಹೆದರಿಕೆ ಯಾರಿಗೂ ಇರಲಿಲ್ಲ. ಆಯಾಳಿಂದ ರೋಗಿಗೆ ಬಂದೀತೆಂಬ ಹೆದರಿಕೆ ಎಲ್ಲರಿಗೂ ಇತ್ತು! ಆ ರೋಗ ಲೋಟ ತಟ್ಟೆಯಿಂದ, ಕೈ ಕುಲುಕುವುದರಿಂದ ಹರಡುವುದಿಲ್ಲವೆಂಬುದು ಅಲ್ಲಿನ ಡಾಕ್ಟರಿಗೆ ಗೊತ್ತಿಲ್ಲದ ವಿಷಯವೇನಲ್ಲ.

ಈಗ ಕೆಲಸ ಕೊಟ್ಟಿರುವ ಟ್ರಸ್ಟಿನವರು ವಿಷಯ ಗೊತ್ತಿದ್ದೂ ಕೊಟ್ಟಿದ್ದಾರೆ. ಅದು ದೊಡ್ಡ ಮನಸ್ಸು, ಒಪ್ಪುತ್ತೇನೆ. ಆದರೆ ಆ ದೊಡ್ಡ ಮನಸ್ಸಿಗೆ ಗ್ಲೌಸಿನ ನೆನಪು ಮಾತ್ರ ಬಂದಿಲ್ಲ.

ಖಾಲಾಗೆ ರೋಗ ಬಂದದ್ದು ಆ ಸೂಜಿಯಿಂದಲೇ ಎಂದು ನಾನು ಆಣೆ ಮಾಡಿ ಹೇಳಲಾರೆ. ಹೆರಿಗೆಯಲ್ಲಿ ಹಾಕಿಸಿಕೊಂಡ ರಕ್ತದಿಂದ ಬಂದಿರಬಹುದು, ಹಳೆಯ ಕಾಲದ ಕುದಿಸಿದ ಸಿರಿಂಜಿನಿಂದಲೂ ಬಂದಿರಬಹುದು. ಮಾಲೀಕರ ವಕೀಲರೂ ನಾಳೆ ಇದನ್ನೇ ಹೇಳುತ್ತಾರೆ. ಕೆಲಸಕ್ಕೆ ಸೇರಿದ ದಿನ ಒಂದು ರಕ್ತ ಪರೀಕ್ಷೆ ಮಾಡಿಸಿದ್ದರೆ, ಸೂಜಿ ಚುಚ್ಚಿದ ದಿನ ಒಂದು ಸಾಲು ಬರೆದಿಟ್ಟಿದ್ದರೆ, ಇವತ್ತು ಉತ್ತರ ಸಿಗುತ್ತಿತ್ತು. ಬರೆಯದೆ ಇದ್ದುದರಿಂದ ಲಾಭ ಯಾರಿಗೆ ಎಂಬುದನ್ನು ಓದುಗರೇ ಯೋಚಿಸಲಿ.

*

ಒಂದು ಸೂಜಿಯ ಮೊನೆಗೆ ಎಷ್ಟು ಬಲ ಎಂದು ಕೇಳುವವರಿಗೆ ಲೆಕ್ಕ ಹೇಳಬೇಕು. ಹೆಪಟೈಟಿಸ್ ಬಿ ಇರುವವರ ರಕ್ತ ಹತ್ತಿದ ಸೂಜಿ ಲಸಿಕೆ ಹಾಕಿಸಿಕೊಳ್ಳದ ಒಬ್ಬರಿಗೆ ಚುಚ್ಚಿದರೆ ಸೋಂಕು ತಗಲುವ ಸಾಧ್ಯತೆ ನೂರಕ್ಕೆ 6ರಿಂದ 30ರಷ್ಟು. ಎಚ್‌ಐವಿಯಲ್ಲಿ ಇದು ಸಾವಿರಕ್ಕೆ ಸುಮಾರು 3. ನಮ್ಮ ಜನ, ನಮ್ಮ ನರ್ಸುಗಳು ಸಹ, ಎಚ್‌ಐವಿಗೆ ಹೆದರುತ್ತಾರೆ. ಅದಕ್ಕಿಂತ ಎಷ್ಟೋ ಪಟ್ಟು ಸುಲಭವಾಗಿ ಹತ್ತುವ ಹೆಪಟೈಟಿಸ್ ಬಿಯನ್ನು "ಕಾಮಾಲೆ" ಎಂದು ಕರೆದು ನಾಟಿ ಔಷಧಿಯವರ ಬಳಿ ಹೋಗುತ್ತಾರೆ. ಒಣಗಿದ ರಕ್ತದಲ್ಲೂ ಈ ವೈರಸ್ ಕನಿಷ್ಠ ಏಳು ದಿನ ಜೀವಂತ ಇರಬಲ್ಲದು. ದೊಡ್ಡವರಲ್ಲಿ ಹೆಚ್ಚಿನವರಿಗೆ ತಾನಾಗಿಯೇ ವಾಸಿಯಾಗುತ್ತದೆ. ಕೆಲವರಲ್ಲಿ ಮಾತ್ರ ಉಳಿದುಕೊಂಡು, ಸದ್ದಿಲ್ಲದೆ ವರ್ಷಾನುಗಟ್ಟಲೆ ಯಕೃತ್ತನ್ನು ತಿನ್ನುತ್ತದೆ. ಖಾಲಾ ಆ ಕೆಲವರಲ್ಲಿ ಒಬ್ಬರು.

ಕೈ ತೊಳೆಯುವ ಪಾಠವನ್ನು ವೈದ್ಯಲೋಕ ಕಲಿತದ್ದೂ ಇಂಥದೇ ಒಂದು ಗಾಯದಿಂದ. 1847ರಲ್ಲಿ ವಿಯೆನ್ನಾದಲ್ಲಿ ಶವಪರೀಕ್ಷೆ ನಡೆಯುತ್ತಿದ್ದಾಗ ವಿದ್ಯಾರ್ಥಿಯೊಬ್ಬನ ಚಾಕು ತಗುಲಿ ಕೊಲೆಚ್ಕಾ ಎಂಬ ಪ್ರೊಫೆಸರ್ ತೀರಿಕೊಂಡರು. ಅವರ ಮಿತ್ರ ಸೆಮ್ಮೆಲ್‌ವೈಸ್, ಬಾಣಂತಿಯರನ್ನು ಕೊಲ್ಲುತ್ತಿದ್ದ ಜ್ವರವೂ ಈ ಸಾವೂ ಒಂದೇ ಜಾತಿಯವು, ಶವ ಮುಟ್ಟಿದ ಕೈಯಿಂದಲೇ ರೋಗ ದಾಟುತ್ತಿದೆ ಎಂದು ಕಂಡುಕೊಂಡರು. ಆ ದಿನ ಚಾಕು ತಗುಲಿದ್ದು ಶವಾಗಾರ ಒರೆಸುವ ಹೆಂಗಸಿಗಾಗಿದ್ದರೆ? ಆಕೆಯೂ ಸಾಯುತ್ತಿದ್ದಳು, ಆದರೆ ಯಾರೂ ಏನೂ ಕಂಡುಕೊಳ್ಳುತ್ತಿರಲಿಲ್ಲ. ಆಕೆಯ ಸಾವು ಸಾವಾಗಿಯೇ ಉಳಿಯುತ್ತಿತ್ತು, ಪಾಠವಾಗುತ್ತಿರಲಿಲ್ಲ. ಇಂದಿಗೂ ಕ್ಲಿನಿಕ್ಕುಗಳಲ್ಲಿ ಸುರಕ್ಷತೆ ಮೇಲಿನಿಂದ ಕೆಳಕ್ಕೆ ಇಳಿಯುತ್ತಾ ಬರುತ್ತದೆ. ಡಾಕ್ಟರಿಗೆ ಎರಡು ಜೊತೆ ಗ್ಲೌಸ್, ನರ್ಸಿಗೆ ಒಂದು ಜೊತೆ. ಆಯಾಗೆ ಬರುವ ಹೊತ್ತಿಗೆ ಡಬ್ಬಿ ಖಾಲಿ.

ಎಲ್ಲಕ್ಕಿಂತ ನಾಚಿಕೆಯ ಸಂಗತಿಯೊಂದಿದೆ. ಈ ರೋಗಕ್ಕೆ ಲಸಿಕೆ ಇದೆ. ಇವತ್ತಿನದಲ್ಲ, 80ರ ದಶಕದಿಂದ ಇದೆ. ಹೊರದೇಶದ ಲಸಿಕೆ ದುಬಾರಿಯಾಗಿದ್ದಾಗ 1997ರಲ್ಲಿ ನಮ್ಮ ಪಕ್ಕದ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ಇಲ್ಲಿಯೇ ತಯಾರಿಸಿ ಬೆಲೆಯನ್ನು ನೆಲಕ್ಕಿಳಿಸಿತು. ಸೊನ್ನೆ, ಒಂದು, ಆರು ಎಂದು ಆರು ತಿಂಗಳಲ್ಲಿ ಮೂರು ಡೋಸು. ಮೂರರ ಬೆಲೆ ಸೇರಿಸಿದರೂ ಒಂದು ಸ್ಕ್ಯಾನಿಂಗಿನ ಖರ್ಚಿಗೆ ಸಮವಾಗುವುದಿಲ್ಲ. 2011ರಿಂದ ದೇಶದಾದ್ಯಂತ ಮಕ್ಕಳ ಲಸಿಕೆಯ ಪಟ್ಟಿಯಲ್ಲೂ ಅದು ಸೇರಿದೆ. ಹುಟ್ಟಿದ 24 ಗಂಟೆಯೊಳಗೆ ಕೂಸಿಗೆ ಮೊದಲ ಚುಚ್ಚುಮದ್ದು. ಅಂದರೆ, ಹೆರಿಗೆಯಾದ ದಿನವೇ ಕೂಸಿಗೆ ರಕ್ಷಣೆ ಸಿಗುತ್ತದೆ, ಆ ಕೂಸಿನ ಮೈಯ ರಕ್ತ ಒರೆಸಿ ತಾಯಿಯ ಮಗ್ಗುಲಲ್ಲಿ ಮಲಗಿಸುವ ಆಯಾಗೆ ಹನ್ನೊಂದು ವರ್ಷವಾದರೂ ಸಿಗುವುದಿಲ್ಲ. ಸಾವಿರ ಮಕ್ಕಳಿಗೆ ಲಸಿಕೆ ಹಾಕುವಾಗ ಅವರ ಕಾಲು ಹಿಡಿದುಕೊಂಡವರು ಖಾಲಾ. ಆ ಫ್ರಿಜ್ಜಿನ ಬಾಗಿಲು ತೆಗೆದು ಕೊಟ್ಟವರೂ ಖಾಲಾ.

*

ಕಾನೂನು ಇಲ್ಲವೇ? ಇದೆ. ಬೇಕಾದಷ್ಟಿದೆ.

2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳು ಆಸ್ಪತ್ರೆಯ ಕಸವನ್ನು ಹಳದಿ, ಕೆಂಪು, ಬಿಳಿ, ನೀಲಿ ಎಂದು ನಾಲ್ಕಾಗಿ ಬೇರ್ಪಡಿಸಲು ಹೇಳುತ್ತವೆ. ಸೂಜಿ, ಬ್ಲೇಡುಗಳು ಹೋಗಬೇಕಾದದ್ದು ಚುಚ್ಚಿದರೆ ತೂತಾಗದ ಬಿಳಿ ಡಬ್ಬಿಗೆ. ಖಾಲಾರ ಹೆಬ್ಬೆರಳಿಗೆ ಚುಚ್ಚಿದ ಸೂಜಿ ಹತ್ತಿಯ ಉಂಡೆಯೊಳಗೆ ಇರಲೇ ಬಾರದಿತ್ತು. ಕಸ ಮುಟ್ಟುವ ಪ್ರತಿಯೊಬ್ಬರಿಗೂ ಹೆಪಟೈಟಿಸ್ ಬಿ ಮತ್ತು ಧನುರ್ವಾಯು ಲಸಿಕೆ ಹಾಕಿಸಬೇಕು, ಕೆಲಸಕ್ಕೆ ಸೇರುವಾಗ ಮತ್ತು ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆ ಮಾಡಿಸಬೇಕು, ತರಬೇತಿ ಕೊಡಬೇಕು, ಗ್ಲೌಸು ಮಾಸ್ಕು ಕೊಡಬೇಕು ಎಂದು ಇದೇ ನಿಯಮಗಳಲ್ಲಿ ಬರೆದಿದೆ. ಹಾಸಿಗೆ ಇಲ್ಲದ ಸಣ್ಣ ಕ್ಲಿನಿಕ್ಕಿಗೂ ಇದು ಅನ್ವಯ.

2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರಿನಿಂದ ಜಾರಿಯಲ್ಲಿದೆ. ರಕ್ತದ ಸಂಪರ್ಕಕ್ಕೆ ಬರಬಹುದಾದ ಸಿಬ್ಬಂದಿಗೆಲ್ಲ ರಕ್ಷಣಾ ಸಾಮಗ್ರಿ, ತರಬೇತಿ ಮತ್ತು ಸೂಜಿ ಚುಚ್ಚಿದರೆ ತಕ್ಷಣದ ಔಷಧಿ ಕೊಡುವುದು ಆರೋಗ್ಯ ಸಂಸ್ಥೆಯ ಹೊಣೆ ಎನ್ನುತ್ತದೆ ಅದು. ಹಣ ಪಡೆದು ನಡೆಸುವ ಸಂಸ್ಥೆ, ಹಣ ಪಡೆಯದೆ ನಡೆಸುವ ಸಂಸ್ಥೆ ಎಂಬ ಭೇದವನ್ನು ಆ ಕಾಯ್ದೆ ಮಾಡುವುದಿಲ್ಲ. ಧರ್ಮಾರ್ಥ ಎಂದು ಬೋರ್ಡು ಹಾಕಿದವರು ಈ ಮಾತನ್ನು ಎರಡು ಸಲ ಓದಿಕೊಳ್ಳಬೇಕು.

ಪರಿಹಾರದ ಕಾನೂನು ಇನ್ನೂ ಹಳೆಯದು. 1923ರ ಕಾರ್ಮಿಕರ ಪರಿಹಾರ ಕಾಯ್ದೆಯ ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿ ಆರೋಗ್ಯ ಮತ್ತು ಪ್ರಯೋಗಾಲಯದ ಕೆಲಸದಿಂದ ಅಂಟುವ ಸೋಂಕು ರೋಗಗಳಿಗೆ ಮೊದಲ ಭಾಗದಲ್ಲೇ ಜಾಗವಿತ್ತು. ರೋಗ ಕೆಲಸದಿಂದ ಬಂದದ್ದಲ್ಲ ಎಂದು ತೋರಿಸುವ ಹೊಣೆಯನ್ನೂ ಅದು ಮಾಲೀಕನ ಹೆಗಲಿಗೇ ಹಾಕಿತ್ತು. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ ಬಂದಿರುವ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಆ ಪಟ್ಟಿ ಮುಂದುವರಿದಿದೆ. ಆದರೆ ಹಕ್ಕು ಕೇಳಲು ಖಾಲಾ ಮೊದಲು ತಾನು ಅಲ್ಲಿ ಕೆಲಸಕ್ಕಿದ್ದೆ ಎಂದು ತೋರಿಸಬೇಕಲ್ಲ? ನೇಮಕಾತಿ ಪತ್ರವಿಲ್ಲ. ಸಂಬಳ ಕವರಿನಲ್ಲಿ, ಕೈಗೆ. ಹನ್ನೊಂದು ವರ್ಷದ ದುಡಿಮೆಗೆ ಉಳಿದಿರುವ ಏಕೈಕ ಸಾಕ್ಷಿ ಹೆಬ್ಬೆರಳು.

ಇನ್ನು ಕಾನೂನಿನ ತೂತುಗಳನ್ನೂ ನೋಡಿ. ಅದೇ ನವೆಂಬರ್ 21ರಂದು ಜಾರಿಯಾದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿ ಸಂಹಿತೆ ನೇಮಕಾತಿ ಪತ್ರ ಕಡ್ಡಾಯ ಎನ್ನುತ್ತದೆ. ಸಂತೋಷ. ಆದರೆ ಸಾಮಾನ್ಯವಾಗಿ ಅದು ಅನ್ವಯವಾಗುವುದು ಹತ್ತು ಅಥವಾ ಹೆಚ್ಚು ಕೆಲಸಗಾರರಿರುವ ಕಡೆ. ನಮ್ಮ ಗಲ್ಲಿಗಳ ಕ್ಲಿನಿಕ್ಕುಗಳಲ್ಲಿ ಇರುವವರೇ ಮೂರು, ನಾಲ್ಕು ಜನ. ಹನ್ನೆರಡು ಜನರಿರುವ ಕಡೆ ಹಾಜರಿ ಪುಸ್ತಕದಲ್ಲಿ ಒಂಬತ್ತೇ ಹೆಸರು ಬರೆಯುವ ವಿದ್ಯೆ ನಮ್ಮವರಿಗೆ ಹೊಸತೇನಲ್ಲ.

ಇನ್ನೊಂದು ತೂತು ಮೇಲೆ ಹೇಳಿದ 2016ರ ನಿಯಮಗಳಲ್ಲೇ ಇದೆ. ತ್ಯಾಜ್ಯ ತುಂಬಿದ ಲಾರಿ ಮಗುಚಿ ಬಿದ್ದರೆ ಅದು "ದೊಡ್ಡ ಅಪಘಾತ". ಸೂಜಿ ಚುಚ್ಚಿದರೆ ಅದು ದೊಡ್ಡ ಅಪಘಾತವಲ್ಲ ಎಂದು ವ್ಯಾಖ್ಯಾನದಲ್ಲೇ ಹೆಸರು ಹೇಳಿ ಹೊರಗಿಟ್ಟಿದ್ದಾರೆ. ಲಾರಿ ಮಗುಚಿದರೆ ಊರಿಗೆಲ್ಲ ಕಾಣುತ್ತದೆ. ಒಂದು ಹೆಂಗಸು ಮಗುಚಿ ಬಿದ್ದರೆ ಆಕೆಯ ಮನೆಯವರಿಗೆ ಮಾತ್ರ ಕಾಣುತ್ತದೆ.

*

ಈ ಮಾತುಗಳನ್ನು ನಾನು ನಾಲ್ಕಾರು ಡಾಕ್ಟರುಗಳ, ಟ್ರಸ್ಟಿನವರ ಮುಂದೆ ಆಡಿದ್ದೇನೆ. ಬಂದ ಉತ್ತರಗಳು ಮೂರು.

ಮೊದಲನೆಯದು, "ನಾವು ಸಣ್ಣವರು, ಇದೆಲ್ಲ ಕಾರ್ಪೊರೇಟ್ ಆಸ್ಪತ್ರೆಗಳಿಗೆ." ಬಿಳಿ ಡಬ್ಬಿಗೆ ಎಷ್ಟು ಖರ್ಚು? ಒಂದು ಡಜನ್ ದಪ್ಪ ರಬ್ಬರ್ ಗ್ಲೌಸಿಗೆ ಎಷ್ಟು? ಕ್ಲಿನಿಕ್ಕಿನ ಮುಂದೆ ರಾತ್ರಿಯಿಡೀ ಉರಿಯುವ ಬಣ್ಣದ ಬೋರ್ಡಿನ ಕರೆಂಟು ಬಿಲ್ಲಿನ ಜೊತೆ ಹೋಲಿಸಿ ನೋಡಿ. ಇನ್ನು, ಅತಿ ಮುಖ್ಯವಾದ ಎಚ್ಚರಿಕೆಗೆ ಖರ್ಚೇ ಇಲ್ಲ. ಚುಚ್ಚಿದ ಮೇಲೆ ಸೂಜಿಗೆ ಮತ್ತೆ ಟೋಪಿ ಹಾಕಬಾರದು. ಒಂದು ಕೈಯಲ್ಲಿ ಸಿರಿಂಜು, ಇನ್ನೊಂದರಲ್ಲಿ ಟೋಪಿ ಹಿಡಿದು ಸೇರಿಸಲು ಹೋದಾಗಲೇ ಎಷ್ಟೋ ನರ್ಸುಗಳ ಬೆರಳಿಗೆ ಚುಚ್ಚುವುದು. ಸೂಜಿ ಕೈಯಿಂದ ನೇರವಾಗಿ ಡಬ್ಬಿಗೆ ಹೋಗಬೇಕು. ಡಬ್ಬಿ ಕೈಗೆಟುಕುವಷ್ಟು ಹತ್ತಿರ ಇರಬೇಕು, ಮುಕ್ಕಾಲು ತುಂಬುತ್ತಲೇ ಬದಲಿಸಬೇಕು. ಇದನ್ನು ಹೇಳಿಕೊಡಲು ಹತ್ತು ನಿಮಿಷ ಸಾಕು. ಆ ಹತ್ತು ನಿಮಿಷವೂ ಸಣ್ಣವರ ಬಳಿ ಇಲ್ಲವೇ?

ಎರಡನೆಯದು, "ಗ್ಲೌಸ್ ಕೊಟ್ಟರೂ ಈ ಹೆಂಗಸರು ಹಾಕಿಕೊಳ್ಳುವುದಿಲ್ಲ." ಇದರಲ್ಲಿ ಅರ್ಧ ನಿಜ ಇದೆ. ಖಾಲಾರನ್ನೇ ಕೇಳಿದೆ. "ಕೈ ಬೆವರುತ್ತೆ ಬೇಟಾ, ಸೈಜು ದೊಡ್ಡದು, ಸೂಜಿ ಹೆಕ್ಕೋಕೆ ಆಗಲ್ಲ" ಎಂದರು. ಅಂದರೆ ಗ್ಲೌಸು ತಂದವರು ಕೈ ಅಳೆದು ತಂದಿಲ್ಲ. ಆಕೆ ಸೂಜಿ ಹೆಕ್ಕಬೇಕಾದ ಸ್ಥಿತಿ ಏಕೆ ಬಂತೆಂದೂ ಕೇಳಿಲ್ಲ. ಅದಲ್ಲದೆ, ಡಾಕ್ಟರೇ ಬರಿಗೈಯಲ್ಲಿ ಡ್ರೆಸಿಂಗ್ ಮಾಡುವ ಕಡೆ ಆಯಾ ಗ್ಲೌಸ್ ಹಾಕಿಕೊಂಡರೆ "ದೊಡ್ಡ ಮೇಡಂ ಬಂದರು" ಎಂಬ ನಗು. ಇದೇ ಜಲ್ಸಾದ ಹೊಸ ಎಕ್ಸ್‌ರೇ ಕೋಣೆಗೆ ಹೋಗಿ ನೋಡಿದೆ. ಮೈಗೆ ತಾಗಿದ ವಿಕಿರಣವನ್ನು ಅಳೆಯುವ ಟಿಎಲ್‌ಡಿ ಬ್ಯಾಡ್ಜು ಟೆಕ್ನಿಶಿಯನ್ ಹುಡುಗನ ಎದೆಯ ಮೇಲೆ ಇರಬೇಕಾದದ್ದು, ಗೋಡೆಯ ಮೊಳೆಯಲ್ಲಿ ತೂಗುತ್ತಿತ್ತು. ಗೋಡೆಗೆ ಎಷ್ಟು ವಿಕಿರಣ ತಾಗಿತೆಂಬ ವರದಿ ಮೂರು ತಿಂಗಳಿಗೊಮ್ಮೆ ಬರುತ್ತದೆ! ಆ ಹುಡುಗ ಬೇಜವಾಬ್ದಾರಿಯವನಲ್ಲ. ಅದೇಕೆ ಎಂದು ಅವನಿಗೆ ಯಾರೂ ಹೇಳಿಲ್ಲ. ಬಚ್ಚಲಿಗೆ ಬ್ಲೀಚಿಂಗ್ ಪೌಡರನ್ನೂ ಟಾಯ್ಲೆಟ್ ಆಸಿಡ್ಡನ್ನೂ ಒಟ್ಟಿಗೆ ಸುರಿದರೆ ಕ್ಲೋರಿನ್ ವಿಷಗಾಳಿ ಏಳುತ್ತದೆಂದು ಖಾಲಾಗೂ ಯಾರೂ ಹೇಳಿಲ್ಲ. ಕೆಮ್ಮಿ ಕೆಮ್ಮಿ ಹೊರಗೆ ಓಡಿ ಬಂದು ಕಲಿತಿದ್ದಾರೆ.

ಮೂರನೆಯ ಉತ್ತರವೇ ಎಲ್ಲಕ್ಕಿಂತ ಗಟ್ಟಿಯಾದದ್ದು. "ಇದು ಸೇವೆ. ಎಲ್ಲದರಲ್ಲೂ ಕಾನೂನು ನೋಡಬಾರದು."

ಈ ಮಾತು ನಮ್ಮವರದ್ದು ಮಾತ್ರವಲ್ಲ. ಮಠದ ಆಸ್ಪತ್ರೆ, ಮಿಷನ್ ಆಸ್ಪತ್ರೆ, ಸರಕಾರ ಎಲ್ಲರೂ ಆಡುವ ಮಾತೇ. 2020ರ ಮಾರ್ಚ್ 22ರ ಸಂಜೆ ದೇಶವೆಲ್ಲ ಚಪ್ಪಾಳೆ ತಟ್ಟಿ ತಟ್ಟೆ ಬಡಿಯಿತು. ಮೇ ತಿಂಗಳಲ್ಲಿ ಆಸ್ಪತ್ರೆಗಳ ಮೇಲೆ ಹೆಲಿಕಾಪ್ಟರಿನಿಂದ ಹೂ ಸುರಿಯಿತು. ಅದೇ ಜುಲೈಯಲ್ಲಿ ಕರ್ನಾಟಕದ ಆಶಾ ಕಾರ್ಯಕರ್ತೆಯರು ತಿಂಗಳಿಗೆ 12,000 ರೂಪಾಯಿ ಗೌರವಧನ ಮತ್ತು ಸರಿಯಾದ ಸುರಕ್ಷಾ ಸಾಮಗ್ರಿ ಕೊಡಿ ಎಂದು ಮುಷ್ಕರ ಕೂರಬೇಕಾಯಿತು. ಹೂವಿಗೆ ಕೊರತೆ ಇರಲಿಲ್ಲ, ಮಾಸ್ಕಿಗೆ ಇತ್ತು. ಆದರೆ ಬೇರೆಯವರ ತಟ್ಟೆಯ ನೊಣ ತೋರಿಸುವ ಮೊದಲು ನಮ್ಮ ತಟ್ಟೆ ನೋಡಿಕೊಳ್ಳೋಣ. ಖಿದ್ಮತ್ ಎಂಬ ಪವಿತ್ರ ಶಬ್ದವನ್ನು ನಾವು ಪರದೆಯಂತೆ ಇಳಿಬಿಟ್ಟಿದ್ದೇವೆ. ಅದರ ಹಿಂದೆ ಒಬ್ಬ ವಿಧವೆ, ಒಬ್ಬ ತಲಾಕ್ ಆದ ಹೆಣ್ಣುಮಗಳು, ಹತ್ತನೇ ತರಗತಿ ಬಿಟ್ಟ ಒಬ್ಬ ಹುಡುಗಿ ಕಡಿಮೆ ಸಂಬಳಕ್ಕೆ, ಬರಿಗೈಯಲ್ಲಿ ರಕ್ತ ಬಳಿಯುತ್ತಿದ್ದಾರೆ. ಖಿದ್ಮತ್ ಮಾಡುವುದು ತನ್ನದನ್ನು ಕೊಡುವವನು. ದಾನಿ ಕೊಡುವುದು ಹಣ, ಡಾಕ್ಟರ್ ಕೊಡುವುದು ಎರಡು ಗಂಟೆ. ಖಾಲಾರಿಂದ ನಾವು ಕೇಳದೆ ತೆಗೆದುಕೊಂಡದ್ದು ಯಕೃತ್ತು. ಕೇಳದೆ ತೆಗೆದುಕೊಳ್ಳುವುದಕ್ಕೆ ಖಿದ್ಮತ್ ಎನ್ನುತ್ತಾರೆಯೇ?

ಇಸ್ಲಾಮಿನ ಚರಿತ್ರೆಯಲ್ಲಿ ಮೊದಲ ದಾದಿ ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುವ ರುಫೈದಾ ಅಲ್ ಅಸ್ಲಮಿಯಾ ಅವರ ಡೇರೆ ಇದ್ದದ್ದು ಮದೀನಾದ ಮಸೀದಿಯ ಆವರಣದಲ್ಲಿ. ಕಂದಕದ ಯುದ್ಧದಲ್ಲಿ ಗಾಯಗೊಂಡ ಸಅದ್ ಬಿನ್ ಮುಆಜರನ್ನು ಆ ಡೇರೆಗೇ ಕರೆತಂದರು. ಖೈಬರಿನ ನಂತರ ಆಕೆಗೂ ಯೋಧರಿಗೆ ಸಮನಾದ ಪಾಲು ಸಿಕ್ಕಿತೆಂದು ಹೇಳಲಾಗುತ್ತದೆ. ಗಮನಿಸಿ, "ನಿನ್ನ ಪ್ರತಿಫಲ ಅಲ್ಲಾಹನ ಬಳಿ ಇದೆ" ಎಂದು ಬರಿಗೈಯಲ್ಲಿ ಕಳಿಸಲಿಲ್ಲ. ಆ ಕೆಲಸಕ್ಕೂ ಕತ್ತಿ ಹಿಡಿದವನ ಕೆಲಸದಷ್ಟೇ ಬೆಲೆ ಕಟ್ಟಿದರು.

ಇನ್ನು ತವಕ್ಕುಲ್. ಸೂಜಿ ಚುಚ್ಚಿದಾಗ "ಅಲ್ಲಾಹ್ ಮಾಲಿಕ್, ಏನೂ ಆಗಲ್ಲ" ಎನ್ನುವವರು ಒಂಟೆಯ ಪ್ರಸಂಗ ನೆನೆಯಲಿ. ದೇವರ ಮೇಲೆ ಭಾರ ಹಾಕಿ ಒಂಟೆಯನ್ನು ಹಾಗೇ ಬಿಡಲೇ ಎಂದು ಕೇಳಿದವನಿಗೆ ಪ್ರವಾದಿವರ್ಯರು (ಸ) ಏನು ಹೇಳಿದರೆಂಬುದು ಮದ್ರಸಾದ ಮಗುವಿಗೂ ಗೊತ್ತು. ಒಂಟೆಗೆ ಹಗ್ಗ ಬೇಕು. ಆಯಾಗೆ ಗ್ಲೌಸ್ ಬೇಡವೇ?

*

ಆಸ್ಪತ್ರೆ ಸಿಬ್ಬಂದಿಯ ಸುರಕ್ಷತೆ ಎಂದಾಗ ಈಚೆಗೆ ಪತ್ರಿಕೆಗಳಲ್ಲಿ ಬರುವುದು ಹಲ್ಲೆಯ ಸುದ್ದಿ. 2024ರ ಆಗಸ್ಟ್ 9ರಂದು ಕೋಲ್ಕತ್ತಾದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ಕರ್ತವ್ಯದಲ್ಲಿದ್ದ ಕಿರಿಯ ವೈದ್ಯೆಯ ಅತ್ಯಾಚಾರ, ಕೊಲೆ ನಡೆಯಿತು. ದೇಶವೇ ಬೀದಿಗಿಳಿಯಿತು, ಸುಪ್ರೀಂ ಕೋರ್ಟ್ ರಾಷ್ಟ್ರೀಯ ಕಾರ್ಯಪಡೆ ರಚಿಸಿತು. ಆಗಬೇಕಾದದ್ದೇ. ಆದರೆ ನಮಗೆ ಈ ಪಾಠ ಐವತ್ತು ವರ್ಷ ಮೊದಲೇ ಸಿಕ್ಕಿತ್ತು. ಉತ್ತರ ಕನ್ನಡದ ಹಳದೀಪುರದಿಂದ ಮುಂಬಯಿಗೆ ಹೋಗಿ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅರುಣಾ ಶಾನಭಾಗರ ಮೇಲೆ 1973ರ ನವೆಂಬರ್ 27ರಂದು ವಾರ್ಡ್ ಬಾಯ್ ಒಬ್ಬ ಎರಗಿದ್ದು ಅವರು ನೆಲಮಾಳಿಗೆಯಲ್ಲಿ ಬಟ್ಟೆ ಬದಲಿಸುತ್ತಿದ್ದಾಗ. 2015ರ ಮೇ 18ರಂದು ಉಸಿರು ನಿಲ್ಲುವವರೆಗೆ 42 ವರ್ಷ ಅದೇ ಆಸ್ಪತ್ರೆಯ ಹಾಸಿಗೆಯಲ್ಲಿ ಅವರು ಪ್ರಜ್ಞೆಯಿಲ್ಲದಂತೆ ಬದುಕಿದ್ದರು. ದಯಾಮರಣ ಸರಿಯೇ ತಪ್ಪೇ ಎಂದು ಬಹಳ ಚರ್ಚೆಯಾಯಿತು. ನರ್ಸುಗಳಿಗೆ ಬಾಗಿಲು ಭದ್ರವಿರುವ, ಬೆಳಕಿರುವ ಒಂದು ಕೋಣೆ ಬೇಕೆಂಬ ಸರಳ ವಿಷಯ ಅಷ್ಟು ಚರ್ಚೆಯಾಗಲಿಲ್ಲ. ನಮ್ಮ ಕ್ಲಿನಿಕ್ಕಿನಲ್ಲಿ ಇಂದಿಗೂ ಖಾಲಾ ಬುರ್ಖಾ ತೆಗೆದಿಡುವುದು ಔಷಧಿ ರಟ್ಟಿನ ಪೆಟ್ಟಿಗೆಗಳ ಹಿಂದೆ.

ಹಲ್ಲೆಯ ವಿಷಯ ಬಂದಾಗ ನಾವು ತಲೆ ತಗ್ಗಿಸಬೇಕಾದ ಒಂದು ದಿನವೂ ಇದೆ. 2020ರ ಏಪ್ರಿಲ್ 19ರಂದು ಬೆಂಗಳೂರಿನ ಪಾದರಾಯನಪುರದಲ್ಲಿ ಜನರನ್ನು ಕ್ವಾರಂಟೈನಿಗೆ ಕರೆದೊಯ್ಯಲು ಬಂದ ಪಾಲಿಕೆ ಮತ್ತು ಆರೋಗ್ಯ ಸಿಬ್ಬಂದಿಯ ಮೇಲೆ ನಮ್ಮವರ ಗುಂಪೊಂದು ಮುಗಿಬಿತ್ತು. ಆ ದಿನಗಳಲ್ಲಿ ರೋಗಕ್ಕೇ ಟೋಪಿ ಗಡ್ಡ ಅಂಟಿಸಿ ಒಂದು ಸಮುದಾಯವನ್ನು ಹೇಗೆ ಬೇಟೆಯಾಡಿದರೆಂಬುದು ನನಗೆ ಗೊತ್ತು. ಆದರೆ ಟಿವಿಯವರ ಮೇಲಿನ ಸಿಟ್ಟನ್ನು ಮನೆ ಬಾಗಿಲಿಗೆ ಬಂದ ಬಡ ಕೆಲಸಗಾರರ ಮೇಲೆ ತೀರಿಸಿಕೊಳ್ಳುವುದು ಯಾವ ನ್ಯಾಯ? ಅವರ ಸಂಬಳವೂ ಖಾಲಾರ ಸಂಬಳದಷ್ಟೇ ಇದ್ದಿರಬೇಕು.

ಹಲ್ಲೆಯ ವಿರುದ್ಧ ಕರ್ನಾಟಕದಲ್ಲಿ 2009ರಿಂದಲೇ ಪ್ರತ್ಯೇಕ ಕಾಯ್ದೆ ಇದೆ. ಗಲಾಟೆಯಾದರೆ ಡಾಕ್ಟರುಗಳ ಸಂಘ ಮರುದಿನವೇ ಹೊರರೋಗಿ ವಿಭಾಗ ಮುಚ್ಚಿಸುತ್ತದೆ. ಖಾಸಗಿ ಆಸ್ಪತ್ರೆಗಳ ನಿಯಂತ್ರಣ ಕಾಯ್ದೆಗೆ ತಿದ್ದುಪಡಿ ಬಂದಾಗ, 2017ರ ನವೆಂಬರಿನಲ್ಲಿ, ಅವರು ಬೆಳಗಾವಿಗೆ ಬಂದು ಅಧಿವೇಶನವನ್ನೇ ಅಲುಗಿಸಿದರು. ಅಷ್ಟು ಶಕ್ತಿ ಇರುವ ಸಂಘ ಆಯಾಗಳಿಗೆ ಮೂರು ಡೋಸ್ ಲಸಿಕೆ ಹಾಕಿಸಲು ಒಂದು ದಿನ ಬೀದಿಗಿಳಿದದ್ದನ್ನು ನಾನು ಕಂಡಿಲ್ಲ. ಕಲ್ಲು ತೂರುವವನು ಹೊರಗಿನವನು, ಅವನ ವಿರುದ್ಧ ಘೋಷಣೆ ಕೂಗುವುದು ಸುಲಭ. ಸೂಜಿ ಒಳಗಿನದು. ಅದರ ವಿರುದ್ಧ ಕೂಗಿದರೆ ಮಾಲೀಕನ ಕೋಣೆಯ ಬಾಗಿಲಿಗೇ ಕೇಳುತ್ತದೆ.

*

ನಮ್ಮ ಪಾಲೂ ಇದೆ. ಎರಡು ಮಾತ್ರೆಯಲ್ಲಿ ಹೋಗುವ ಜ್ವರಕ್ಕೆ "ಒಂದು ಸೂಜಿ ಹಾಕಿಬಿಡಿ ಡಾಕ್ಟ್ರೇ" ಎಂದು ಪಟ್ಟು ಹಿಡಿಯುವವರು ನಾವು. ಸುಸ್ತು ಎಂದರೆ ಬಾಟಲಿ ಏರಿಸಿಕೊಳ್ಳುವವರು ನಾವು. ಸೂಜಿ ಹಾಕದ ಡಾಕ್ಟರನ್ನು ಕೈಗುಣವಿಲ್ಲದವನೆಂದು ಬಿಟ್ಟು ಹೋಗುವವರೂ ನಾವೇ. ಬೇಡದ ಪ್ರತಿ ಸೂಜಿಯೂ ಕೊನೆಗೆ ಒಬ್ಬ ನರ್ಸಿನ, ಒಬ್ಬ ಆಯಾಳ, ಅವರನ್ನು ದಾಟಿದರೆ ಬೀದಿ ಗುಡಿಸುವ ಪೌರಕಾರ್ಮಿಕರ ಬೆರಳ ಬಳಿಗೆ ಹೋಗಿ ತಲುಪುತ್ತದೆ.

ನಮ್ಮ ಬರಹಗಾರರ ಪಾಲೂ ಕಡಿಮೆಯದಲ್ಲ. ಉರ್ದು ಅಫ್ಸಾನೆಗಳಲ್ಲೂ ಕನ್ನಡ ಕತೆಗಳಲ್ಲೂ ನರ್ಸೆಂದರೆ ಬಿಳಿ ಬಟ್ಟೆಯ ಕರುಣಾಮಯಿ, ಇಲ್ಲವೇ ರೋಗಿಯ ಕನಸಿನ ಹುಡುಗಿ. ಹಿಂದೊಮ್ಮೆ ನಾನೂ ಅಂಥದ್ದೊಂದು ಕತೆ ಬರೆದಿದ್ದೆ, ಬಹುಮಾನವೂ ಬಂತು. ಅದರಲ್ಲಿ ಆಕೆಯ ಕಣ್ಣಿನ ಬಗ್ಗೆ ಒಂದು ಪುಟ ಇದೆ. ಕೈಯ ಬಗ್ಗೆ ಒಂದು ಸಾಲೂ ಇಲ್ಲ.

ಹಾಗಾದರೆ ಮಾಡಬೇಕಾದದ್ದೇನು? ಮಸೀದಿ ಕಮಿಟಿಗಳು, ಟ್ರಸ್ಟುಗಳು, ಮಠಗಳು, ಖಾಸಗಿ ಡಾಕ್ಟರುಗಳು ಯಾರೇ ಇರಲಿ, ಇಂಥ ಕ್ಲಿನಿಕ್ ನಡೆಸುವವರೆಲ್ಲರಲ್ಲಿ ನನ್ನ ಕೇಳಿಕೆ ಇಷ್ಟೇ. ಕೆಲಸಕ್ಕೆ ಸೇರಿದ ದಿನ ಒಂದು ಹಾಳೆಯಲ್ಲಿ ನೇಮಕಾತಿ ಪತ್ರ ಬರೆದು ಕೊಡಿ. ಅದೇ ವಾರ ರಕ್ತ ಪರೀಕ್ಷೆ ಮಾಡಿಸಿ ಲಸಿಕೆಯ ಮೊದಲ ಡೋಸು ಹಾಕಿಸಿ, ಉಳಿದೆರಡರ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಬಿಳಿ ಡಬ್ಬಿ ಇಡಿ. ಕೈ ಅಳತೆಯ ಗ್ಲೌಸು ತನ್ನಿ. ಒಂದು ಇನ್ನೂರು ಪುಟದ ನೋಟ್ ಬುಕ್ ಕೊಂಡು ಅದರ ಮೇಲೆ "ಸೂಜಿ ಗಾಯ" ಎಂದು ಬರೆಯಿರಿ. ಅದರಲ್ಲಿ ಬರೆಸಿದವರನ್ನು ಬೈಯಬೇಡಿ.

ಖಾಲಾರಂಥವರು ನೆನಪಿಡಬೇಕಾದದ್ದೂ ಇದೆ. ಯಾರಾದರೂ ಓದಿ ಹೇಳಿ. ಸೂಜಿ ಚುಚ್ಚಿದರೆ ಬೆರಳನ್ನು ಬಾಯಿಗಿಡಬಾರದು, ಹಿಂಡಬಾರದು, ಸ್ಪಿರಿಟ್ ಸುರಿಯಬಾರದು. ಹರಿಯುವ ನೀರಲ್ಲಿ ಸೋಪು ಹಚ್ಚಿ ತೊಳೆಯಬೇಕು. ತಕ್ಷಣ, ಸಾಧ್ಯವಾದರೆ ಎರಡು ಗಂಟೆಯೊಳಗೆ, ದೊಡ್ಡ ಸರಕಾರಿ ಆಸ್ಪತ್ರೆಗೆ ಹೋಗಬೇಕು. ಎಚ್‌ಐವಿ ತಡೆಯುವ ಔಷಧಿಯನ್ನು 72 ಗಂಟೆಯೊಳಗೆ ಶುರು ಮಾಡಿ 28 ದಿನ ತಪ್ಪದೆ ತೆಗೆದುಕೊಳ್ಳಬೇಕು. ಹೆಪಟೈಟಿಸ್ ಬಿ ಲಸಿಕೆ ಆಗಿರದಿದ್ದರೆ ಅದನ್ನೂ ಆಗಲೇ ಹಾಕಿಸಿಕೊಳ್ಳಬೇಕು. ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ 1097ಕ್ಕೆ ಫೋನ್ ಮಾಡಿ ಕೇಳಬಹುದು, ದುಡ್ಡು ಬೀಳುವುದಿಲ್ಲ. "ಏನೂ ಆಗಲ್ಲ" ಎನ್ನುವ ಕಂಪೌಂಡರನ್ನು ನಂಬಬೇಡಿ.

ಮುಂದಿನ ವರ್ಷವೂ ಜಲ್ಸಾ ನಡೆಯುತ್ತದೆ. ನನ್ನನ್ನು ಕರೆಯುತ್ತಾರೋ ಇಲ್ಲವೋ ಗೊತ್ತಿಲ್ಲ. ಕರೆದರೆ, ನನಗೆ ಹೊದಿಸುವ ಶಾಲಿನ ದುಡ್ಡಿನಲ್ಲಿ ಕ್ಲಿನಿಕ್ಕಿಗೆ ಹೊಸದಾಗಿ ಸೇರಿರುವ ಆ ಇಬ್ಬರು ಹುಡುಗಿಯರಿಗೆ ಲಸಿಕೆ ಹಾಕಿಸಿ ಎಂದು ವೇದಿಕೆಯ ಮೇಲೆಯೇ ಕೇಳುತ್ತೇನೆ. ಖಾಲಾಗೆ ಆ ಲಸಿಕೆಯಿಂದ ಇನ್ನು ಪ್ರಯೋಜನವಿಲ್ಲ. ಆರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಮಾಡಿಸುತ್ತಾ, ಮಗಳ ಮದುವೆಯಾಗುವವರೆಗೆ ಯಕೃತ್ತು ತಾಳಲಿ ಎಂದು ದುವಾ ಮಾಡುತ್ತಿದ್ದಾರೆ.

ಅವರ ಪ್ರಶ್ನೆಗೆ ನಾನಿನ್ನೂ ಉತ್ತರ ಕೊಟ್ಟಿಲ್ಲ. ಗ್ಲೌಸ್ ಯಾರ ಹತ್ತಿರ ಇದೆ? ಕಾರ್ಯದರ್ಶಿಗಳ ಕೋಣೆಯ ಬೀರುವಿನಲ್ಲಿ ಇದೆ, ನಾನೇ ನೋಡಿದೆ. ಎರಡು ಡಬ್ಬಿ, ಸೀಲು ಒಡೆದಿಲ್ಲ. ಇನ್‌ಸ್ಪೆಕ್ಷನ್ನಿಗೆ ಬಂದವರಿಗೆ ತೋರಿಸಲು ಇಟ್ಟಿದ್ದಾರಂತೆ.